ಅಂಗನವಾಡಿ ಮೇಲ್ವಿಚಾರಕಿಯರ ಬೋಧನಾ ನಾಯಕತ್ವ – ಸಾರ್ವಜನಿಕರ ಮಾಹಿತಿಗಾಗಿ
(ಸದಲಗಾ ಪಟ್ಟಣ ಹಾಗೂ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ನಾಗರಿಕರಿಗೆ)

1. ಪೀಠಿಕೆ

ಮಗುವನ್ನು ಅಂಗನವಾಡಿಗೆ ಸೇರಿಸಬಯಸುವ ಪೋಷಕರು, ಅಂಗನವಾಡಿ ಕಾರ್ಯಕರ್ತೆ ಅಥವಾ ಸಹಾಯಕಿಯ ಸ್ಥಾನಕ್ಕೆ ಅರ್ಜಿ ಸಲ್ಲಿಸುವ ಮಹಿಳೆಯರು ಹಾಗೂ ಬಾಲವಿಕಾಸ ಸಮಿತಿಯ ಸದಸ್ಯರು ಇಲಾಖೆಯ ಕಚೇರಿಗಳಲ್ಲಿ ಸಾಮಾನ್ಯವಾಗಿ ವಿಚಾರಿಸುವುದು ಆಹಾರ, ಗೌರವಧನ ಮತ್ತು ಅರ್ಜಿಯ ಕೊನೆಯ ದಿನಾಂಕದ ಬಗ್ಗೆ. ಕೇಂದ್ರದಲ್ಲಿ ಮಗು ಏನನ್ನು ಕಲಿಯುತ್ತದೆ, ಕಲಿಸುವವರಿಗೆ ಕಲಿಸುವವರು ಯಾರು ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆ. ಆದರೆ ಮೂರರಿಂದ ಆರು ವರ್ಷದವರೆಗಿನ ಅವಧಿಯು ಮಗುವಿನ ಜೀವನದಲ್ಲಿ ಒಮ್ಮೆ ಮಾತ್ರ ಬರುತ್ತದೆ. ಆ ಅವಧಿಯಲ್ಲಿ ದೊರೆಯದೆ ಹೋದ ಮಾತು, ಆಟ ಮತ್ತು ಎಣಿಕೆಯ ಅನುಭವವನ್ನು ಒಂದನೆಯ ತರಗತಿಯಲ್ಲಿ ತುಂಬಿಕೊಡುವುದು ಕಷ್ಟಸಾಧ್ಯ.

ಈ ಕಾರಣದಿಂದ ಅಂಗನವಾಡಿ ಕೇಂದ್ರಗಳಲ್ಲಿನ ಶಾಲಾಪೂರ್ವ ಶಿಕ್ಷಣದ ಮಾರ್ಗದರ್ಶನ ವ್ಯವಸ್ಥೆ, ಮೇಲ್ವಿಚಾರಕಿಯರ ಪಾತ್ರ, ಅವರ ಹಾಗೂ ಕಾರ್ಯಕರ್ತೆಯರ ತರಬೇತಿ ಮತ್ತು ಈ ವ್ಯವಸ್ಥೆಯಿಂದ ನಾಗರಿಕರು ಪಡೆಯಬಹುದಾದ ಸೇವೆಗಳ ಬಗ್ಗೆ ಈ ಪುಟದಲ್ಲಿ ಮಾಹಿತಿ ನೀಡಲಾಗಿದೆ.

2. ಹಿನ್ನೆಲೆ

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಯೋಜನಾ ಪ್ರದೇಶಗಳಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ಕರ್ನಾಟಕದಲ್ಲಿ ಇದರ ಮೊದಲ ಯೋಜನೆ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ಪ್ರಾರಂಭಗೊಂಡಿತು. ಇಂದು ರಾಜ್ಯದಲ್ಲಿ 65 ಸಾವಿರಕ್ಕೂ ಅಧಿಕ ಅಂಗನವಾಡಿ ಕೇಂದ್ರಗಳು ಕಾರ್ಯನಿರ್ವಹಿಸುತ್ತಿವೆ.

ಯೋಜನೆಯಡಿ ಆರು ಸೇವೆಗಳನ್ನು ಒದಗಿಸಲಾಗುತ್ತದೆ:

ಅ) ಪೂರಕ ಪೌಷ್ಟಿಕ ಆಹಾರ
ಆ) ಶಾಲಾಪೂರ್ವ ಶಿಕ್ಷಣ
ಇ) ಪೌಷ್ಟಿಕತೆ ಮತ್ತು ಆರೋಗ್ಯ ಶಿಕ್ಷಣ
ಈ) ಚುಚ್ಚುಮದ್ದು
ಉ) ಆರೋಗ್ಯ ತಪಾಸಣೆ
ಊ) ಹೆಚ್ಚಿನ ಚಿಕಿತ್ಸೆಗಾಗಿ ಆಸ್ಪತ್ರೆಗೆ ಕಳುಹಿಸುವ ಸೇವೆ

ಇವುಗಳ ಪೈಕಿ ಎರಡನೆಯದಾದ ಶಾಲಾಪೂರ್ವ ಶಿಕ್ಷಣವೇ ಈ ಲೇಖನದ ವಿಷಯ.

ಅಂಗನವಾಡಿ ಎಂಬ ಕಲ್ಪನೆಯ ಬೇರುಗಳು ನಮ್ಮ ನೆರೆಯ ಮಹಾರಾಷ್ಟ್ರ ಹಾಗೂ ಗುಜರಾತಿನಲ್ಲಿವೆ. ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಆರಂಭಿಸಿದರು. ಅವರೊಡನೆ ಕೆಲಸ ಮಾಡಿದ ತಾರಾಬಾಯಿ ಮೋಡಕ್ ಅವರು 1945ರಲ್ಲಿ ಬೋರ್ಡಿ ಗ್ರಾಮದಲ್ಲಿ, ಅನಂತರ ಕೋಸಬಾಡದಲ್ಲಿ, ಅನುತಾಯಿ ವಾಘ್ ಅವರ ಜೊತೆಗೂಡಿ ಬಡ ಹಾಗೂ ಆದಿವಾಸಿ ಮಕ್ಕಳಿಗಾಗಿ ಬಾಲವಾಡಿಗಳನ್ನು ನಡೆಸಿದರು. ಮಕ್ಕಳು ಶಾಲೆಗೆ ಬಾರದಿದ್ದಾಗ ಶಾಲೆಯೇ ಅವರ ಮನೆಯಂಗಳಕ್ಕೆ ಹೋಯಿತು. ದುಬಾರಿ ಉಪಕರಣಗಳ ಬದಲಿಗೆ ಕಲ್ಲು, ಎಲೆ, ಬೀಜ ಮತ್ತು ಮಣ್ಣು ಕಲಿಕಾ ಸಾಮಗ್ರಿಗಳಾದವು. ಈ ಇಬ್ಬರು ಮಹಿಳೆಯರು ಮಕ್ಕಳಿಗೆ ಕಲಿಸಿದುದಲ್ಲದೆ, ಕಲಿಸುವ ಗ್ರಾಮೀಣ ಮಹಿಳೆಯರನ್ನು ಸಿದ್ಧಪಡಿಸಿದರು ಎಂಬುದು ಇಲ್ಲಿ ಮುಖ್ಯ. ಬೋಧನಾ ನಾಯಕತ್ವ ಎಂಬ ಪದ ಬಳಕೆಗೆ ಬರುವುದಕ್ಕೆ ಮೊದಲೇ ಆ ಕಾರ್ಯ ನಮ್ಮ ಗಡಿಯಾಚೆಯ ಹಳ್ಳಿಗಳಲ್ಲಿ ನಡೆದಿತ್ತು.

ಸಂವಿಧಾನದ 86ನೇ ತಿದ್ದುಪಡಿಯ (2002) ನಂತರ 45ನೇ ಅನುಚ್ಛೇದವು, ಆರು ವರ್ಷ ತುಂಬುವವರೆಗೆ ಎಲ್ಲ ಮಕ್ಕಳಿಗೆ ಬಾಲ್ಯದ ಆರೈಕೆ ಮತ್ತು ಶಿಕ್ಷಣ ಒದಗಿಸಲು ರಾಜ್ಯವು ಪ್ರಯತ್ನಿಸತಕ್ಕದ್ದು ಎಂದು ತಿಳಿಸುತ್ತದೆ. ಶಿಕ್ಷಣ ಹಕ್ಕು ಕಾಯಿದೆ, 2009ರ 11ನೇ ಕಲಮು ಮೂರು ವರ್ಷ ಮೇಲ್ಪಟ್ಟ ಮಕ್ಕಳಿಗೆ ಉಚಿತ ಶಾಲಾಪೂರ್ವ ಶಿಕ್ಷಣದ ವ್ಯವಸ್ಥೆ ಮಾಡಲು ಸರ್ಕಾರಗಳಿಗೆ ಅವಕಾಶ ಕಲ್ಪಿಸಿದೆ. 2013ರಲ್ಲಿ ರಾಷ್ಟ್ರೀಯ ಬಾಲ್ಯಪೂರ್ವ ಆರೈಕೆ ಮತ್ತು ಶಿಕ್ಷಣ ನೀತಿಯನ್ನು ಪ್ರಕಟಿಸಲಾಯಿತು.

3. ಮಾರ್ಗದರ್ಶನದ ಹಂತಗಳು

ಅಂಗನವಾಡಿ ಕೇಂದ್ರದಲ್ಲಿ ಕಾರ್ಯಕರ್ತೆ ಮತ್ತು ಸಹಾಯಕಿ ಇರುತ್ತಾರೆ. ಹಲವು ಕೇಂದ್ರಗಳನ್ನು ಒಳಗೊಂಡ ವೃತ್ತಕ್ಕೆ ಒಬ್ಬ ಮೇಲ್ವಿಚಾರಕಿ ಇರುತ್ತಾರೆ. ಸಾಮಾನ್ಯ ಮಾನದಂಡದಂತೆ ಸುಮಾರು 25 ಕೇಂದ್ರಗಳಿಗೆ ಒಬ್ಬರು. ಹಲವು ವೃತ್ತಗಳು ಸೇರಿ ಒಂದು ಯೋಜನೆಯಾಗುತ್ತದೆ. ಅದರ ಮುಖ್ಯಸ್ಥರು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು. ಜಿಲ್ಲಾ ಮಟ್ಟದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಉಪ ನಿರ್ದೇಶಕರು ಬೆಳಗಾವಿಯಲ್ಲಿರುತ್ತಾರೆ.

ಈ ಭಾಗದ ನಾಗರಿಕರು ಒಂದು ಅಂಶವನ್ನು ಗಮನಿಸತಕ್ಕದ್ದು. ಶಾಲಾ ಶಿಕ್ಷಣ ಇಲಾಖೆಯಲ್ಲಿ ಚಿಕ್ಕೋಡಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಯಾಗಿದ್ದು, ಅದರ ಉಪ ನಿರ್ದೇಶಕರ ಕಚೇರಿ ಚಿಕ್ಕೋಡಿಯಲ್ಲಿಯೇ ಇದೆ. ಆದರೆ ಅಂಗನವಾಡಿಗಳು ಶಾಲಾ ಶಿಕ್ಷಣ ಇಲಾಖೆಯ ಅಧೀನದಲ್ಲಿಲ್ಲ. ಆದುದರಿಂದ ಅಂಗನವಾಡಿ ಕುರಿತ ಅರ್ಜಿ ಅಥವಾ ಅಹವಾಲನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ನೀಡಿದಲ್ಲಿ ಅನಗತ್ಯ ವಿಳಂಬವಾಗುತ್ತದೆ. ಅಲ್ಲದೆ ಹಿಂದಿನ ಚಿಕ್ಕೋಡಿ ತಾಲೂಕಿನಿಂದ ನಿಪ್ಪಾಣಿ ಹಾಗೂ ಅಥಣಿ ತಾಲೂಕಿನಿಂದ ಕಾಗವಾಡ ಪ್ರತ್ಯೇಕಗೊಂಡಿವೆ. ಶಿಶು ಅಭಿವೃದ್ಧಿ ಯೋಜನೆಯ ವ್ಯಾಪ್ತಿ ಮತ್ತು ಕಂದಾಯ ತಾಲೂಕಿನ ಗಡಿ ಎಲ್ಲ ಕಡೆಯೂ ಒಂದೇ ಆಗಿರಬೇಕೆಂದಿಲ್ಲ. ತಮ್ಮ ಗ್ರಾಮ ಅಥವಾ ವಾರ್ಡು ಯಾವ ಯೋಜನೆಗೆ ಸೇರಿದೆ ಎಂಬುದನ್ನು ಕೇಂದ್ರದ ಕಾರ್ಯಕರ್ತೆಯಿಂದ ಮೊದಲು ಖಚಿತಪಡಿಸಿಕೊಳ್ಳುವುದು ಸೂಕ್ತ.

4. ಬೋಧನಾ ನಾಯಕತ್ವ ಎಂದರೇನು

ಮೇಲ್ವಿಚಾರಣೆಗೆ ಎರಡು ಮುಖಗಳಿವೆ. ಒಂದು ತಪಾಸಣೆ: ಹಾಜರಾತಿ, ದಾಸ್ತಾನು, ಆಹಾರ ವಿತರಣೆ ಮತ್ತು ವಹಿಗಳ ಪರಿಶೀಲನೆ. ಇನ್ನೊಂದು ಬೋಧನಾ ನಾಯಕತ್ವ: ಕಾರ್ಯಕರ್ತೆ ಮಕ್ಕಳೊಡನೆ ನಡೆಸುವ ಚಟುವಟಿಕೆಯನ್ನು ಕುಳಿತು ನೋಡುವುದು, ಅಗತ್ಯವಿದ್ದಲ್ಲಿ ತಾವೇ ಮಾಡಿ ತೋರಿಸುವುದು, ಯಾವ ಮಗು ಹಿಂದುಳಿದಿದೆ ಎಂಬುದನ್ನು ಒಟ್ಟಿಗೆ ಚರ್ಚಿಸುವುದು ಮತ್ತು ಮುಂದಿನ ಭೇಟಿಯಲ್ಲಿ ಅದೇ ಅಂಶವನ್ನು ಪುನಃ ಪರಿಶೀಲಿಸುವುದು.

ಎರಡೂ ಅಗತ್ಯ. ಆದರೆ ಮೊದಲನೆಯದಕ್ಕೆ ನಮೂನೆಗಳಿವೆ, ಗಡುವುಗಳಿವೆ. ಎರಡನೆಯದಕ್ಕೆ ಅಷ್ಟು ಒತ್ತಡವಿರುವುದಿಲ್ಲ. ಆದ್ದರಿಂದ ವಹಿಗಳು ಸರಿಯಿದ್ದು ಮಕ್ಕಳು ಏನನ್ನೂ ಕಲಿಯದಿರುವ ಕೇಂದ್ರವು ತಪಾಸಣೆಯಲ್ಲಿ ಉತ್ತಮವೆಂದೇ ಕಾಣುವ ಸಾಧ್ಯತೆ ಇದೆ. ಇದನ್ನು ತಪ್ಪಿಸುವುದೇ ಬೋಧನಾ ನಾಯಕತ್ವವನ್ನು ಬೆಳೆಸುವುದರ ಉದ್ದೇಶ.

ಒಂದು ಸರಳ ಲೆಕ್ಕವನ್ನು ಇಲ್ಲಿ ನೀಡಲಾಗಿದೆ. ಕೇಂದ್ರದಲ್ಲಿ ದಿನಕ್ಕೆ ಕನಿಷ್ಠ ಎರಡು ಗಂಟೆಗಳ ಶಾಲಾಪೂರ್ವ ಶಿಕ್ಷಣ ನಡೆಯಬೇಕೆಂಬುದು ಗುರಿ. ವಹಿ ಬರೆಯುವುದಕ್ಕೆ ಅಥವಾ ಮೊಬೈಲ್‌ನಲ್ಲಿ ಮಾಹಿತಿ ಭರ್ತಿ ಮಾಡುವುದಕ್ಕೆ ಇದರಲ್ಲಿ ದಿನಕ್ಕೆ ಅರ್ಧ ಗಂಟೆ ಹೋದರೂ, ವರ್ಷಕ್ಕೆ 300 ದಿನಗಳಂತೆ 150 ಗಂಟೆಗಳಾಗುತ್ತವೆ. ಅಂದರೆ 75 ದಿನಗಳ ಶಾಲಾಪೂರ್ವ ಶಿಕ್ಷಣ ಮಗುವಿನ ಖಾತೆಯಿಂದ ಕಳೆದಂತಾಯಿತು. ಮೂರು ವರ್ಷಗಳಲ್ಲಿ ಈ ನಷ್ಟ 225 ದಿನಗಳಾಗುತ್ತದೆ. ಯಾವ ವಹಿಯಲ್ಲಿಯೂ ಇದು ನಮೂದಾಗುವುದಿಲ್ಲ.

ಸಮಯದ ಮಹತ್ವವನ್ನು ತಮಿಳುನಾಡಿನ ಅನುಭವವೂ ತೋರಿಸಿದೆ. ಅಲ್ಲಿ 640 ಅಂಗನವಾಡಿ ಕೇಂದ್ರಗಳನ್ನು ಒಳಗೊಂಡ ಅಧ್ಯಯನವೊಂದರಲ್ಲಿ, ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆಯ್ದ ಕೇಂದ್ರಗಳಿಗೆ ಶಾಲಾಪೂರ್ವ ಶಿಕ್ಷಣಕ್ಕೆಂದೇ ಅರ್ಧ ದಿನದ ಹೆಚ್ಚುವರಿ ಕಾರ್ಯಕರ್ತೆಯನ್ನು ನೀಡಲಾಯಿತು. ಅಂತಹ ಕೇಂದ್ರಗಳಲ್ಲಿ ಬೋಧನೆಯ ಸಮಯ ಸುಮಾರು ಎರಡು ಪಟ್ಟಾಯಿತು. ಮಕ್ಕಳ ಗಣಿತ ಮತ್ತು ಭಾಷಾ ಕಲಿಕೆ ಸ್ಪಷ್ಟವಾಗಿ ಸುಧಾರಿಸಿತು. ಎಲ್ಲೆಡೆ ಹೆಚ್ಚುವರಿ ಕಾರ್ಯಕರ್ತೆ ದೊರೆಯದಿರಬಹುದು. ಆದರೆ ಇರುವ ಎರಡು ಗಂಟೆಗಳನ್ನು ಮಕ್ಕಳಿಗಾಗಿಯೇ ಕಾಯ್ದಿರಿಸುವುದು ಉತ್ತಮ ಮೇಲ್ವಿಚಾರಣೆಯಿಂದ ಸಾಧ್ಯ.

5. ತರಬೇತಿ ವ್ಯವಸ್ಥೆ

5.1 ವೃತ್ತ ಸಭೆ: ಮೇಲ್ವಿಚಾರಕಿಯು ತಮ್ಮ ವೃತ್ತದ ಕಾರ್ಯಕರ್ತೆಯರನ್ನು ನಿಯತವಾಗಿ ಸೇರಿಸುವ ಸಭೆಯೇ ನಿರಂತರ ತರಬೇತಿಯ ಮೂಲ ವೇದಿಕೆ. 2018ರ ಮಾರ್ಚ್ 8ರಂದು ಆರಂಭವಾದ ಪೋಷಣ್ ಅಭಿಯಾನದಲ್ಲಿ ಹಂತ ಹಂತವಾಗಿ ಕಲಿಯುವ ಪದ್ಧತಿಯಡಿ 21 ಪಾಠಗಳನ್ನು ರೂಪಿಸಲಾಯಿತು. ಒಮ್ಮೆಗೇ ಎಲ್ಲವನ್ನೂ ಹೇಳದೆ, ಒಂದು ವಿಷಯ ಕಲಿತು, ಅದನ್ನು ಕ್ಷೇತ್ರದಲ್ಲಿ ಮಾಡಿ ನೋಡಿ, ಅನಂತರ ಮುಂದಿನದಕ್ಕೆ ಹೋಗುವುದು ಇದರ ಕ್ರಮ.

5.2 ಪೋಷಣ್ ಭೀ ಪಢಾಯಿ ಭೀ: 2023ರ ಮೇ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಈ ಕಾರ್ಯಕ್ರಮವು ಪೌಷ್ಟಿಕತೆಯ ಜೊತೆಗೆ ಶಿಕ್ಷಣಕ್ಕೂ ಸಮಾನ ಒತ್ತು ನೀಡುತ್ತದೆ. ಇದರಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು ಹಾಗೂ ಮೇಲ್ವಿಚಾರಕಿಯರಿಗೆ ಎರಡು ದಿನಗಳ ಮುಖ್ಯ ತರಬೇತುದಾರರ ತರಬೇತಿ, ಅವರ ಮೂಲಕ ಕಾರ್ಯಕರ್ತೆಯರಿಗೆ ಮೂರು ದಿನಗಳ ತರಬೇತಿ ಎಂಬ ಎರಡು ಹಂತಗಳನ್ನು ನಿಗದಿಪಡಿಸಲಾಯಿತು. ಈ ಮೂಲಕ ಮೇಲ್ವಿಚಾರಕಿಯರಿಗೆ ತಪಾಸಣೆಯ ಜೊತೆಗೆ ಶಿಕ್ಷಕಿಯರ ಶಿಕ್ಷಕಿಯಾಗುವ ಹೊಣೆಯನ್ನೂ ಅಧಿಕೃತವಾಗಿ ವಹಿಸಿದಂತಾಯಿತು.

5.3 ಪಠ್ಯಕ್ರಮ: 2024ರ ಮಾರ್ಚ್‌ನಲ್ಲಿ ಎರಡು ರಾಷ್ಟ್ರೀಯ ಮಾರ್ಗದರ್ಶಿಗಳು ಬಿಡುಗಡೆಯಾದವು. ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳಿಗಾಗಿ 36 ತಿಂಗಳ ಚಟುವಟಿಕೆಗಳನ್ನು ಒಳಗೊಂಡ 'ನವಚೇತನಾ' ಒಂದು. ಮೂರರಿಂದ ಆರು ವರ್ಷದ ಮಕ್ಕಳಿಗಾಗಿ 48 ವಾರಗಳ ವೇಳಾಪಟ್ಟಿಯುಳ್ಳ 'ಆಧಾರಶಿಲಾ' ಮತ್ತೊಂದು. ಕರ್ನಾಟಕದ ಅಂಗನವಾಡಿಗಳಲ್ಲಿ ಇವುಗಳಿಗೂ ಮೊದಲಿನಿಂದ 'ಚಿಲಿಪಿಲಿ' ಹೆಸರಿನ ಚಟುವಟಿಕೆ ಆಧಾರಿತ ಪಠ್ಯಕ್ರಮ ಪರಿಚಿತವಾಗಿದೆ. ಅಂಗವೈಕಲ್ಯವಿರುವ ಮಕ್ಕಳನ್ನು ಬೇಗನೆ ಗುರುತಿಸಿ ಕೇಂದ್ರದಲ್ಲಿ ಸೇರಿಸಿಕೊಳ್ಳುವ ಬಗ್ಗೆ 2023ರ ನವೆಂಬರ್‌ನಲ್ಲಿ ಪ್ರತ್ಯೇಕ ಮಾರ್ಗಸೂಚಿಯನ್ನು ಕೇಂದ್ರ ಸರ್ಕಾರ ಹೊರಡಿಸಿದೆ.

5.4 ದೀರ್ಘಾವಧಿ ಶಿಕ್ಷಣ: ರಾಷ್ಟ್ರೀಯ ಶಿಕ್ಷಣ ನೀತಿ, 2020ರಲ್ಲಿ ದ್ವಿತೀಯ ಪಿಯುಸಿ ಅಥವಾ ಹೆಚ್ಚಿನ ವಿದ್ಯಾರ್ಹತೆಯುಳ್ಳ ಕಾರ್ಯಕರ್ತೆಯರಿಗೆ ಆರು ತಿಂಗಳ ಪ್ರಮಾಣಪತ್ರ ಕೋರ್ಸು, ಅದಕ್ಕಿಂತ ಕಡಿಮೆ ವಿದ್ಯಾರ್ಹತೆಯವರಿಗೆ ಒಂದು ವರ್ಷದ ಡಿಪ್ಲೊಮಾ ಸೂಚಿಸಲಾಗಿತ್ತು. ಕರ್ನಾಟಕ ಸರ್ಕಾರವು 2023ರಲ್ಲಿ ಪ್ರತ್ಯೇಕ ರಾಜ್ಯ ಶಿಕ್ಷಣ ನೀತಿಗಾಗಿ ಪ್ರೊ. ಸುಖದೇವ ಥೋರಟ್ ಅವರ ಅಧ್ಯಕ್ಷತೆಯಲ್ಲಿ ಆಯೋಗ ರಚಿಸಿತು. ಆಯೋಗವು 2025ರ ಆಗಸ್ಟ್‌ನಲ್ಲಿ ತನ್ನ ವರದಿಯನ್ನು ಸಲ್ಲಿಸಿದೆ. ಕೋರ್ಸುಗಳ ಕುರಿತು ಖಾಸಗಿ ಸಂಸ್ಥೆಗಳ ಜಾಹೀರಾತುಗಳನ್ನು ನಂಬಿ ಹಣ ಪಾವತಿಸುವ ಮೊದಲು, ಸದರಿ ಪ್ರಮಾಣಪತ್ರಕ್ಕೆ ಅಂಗನವಾಡಿ ಆಯ್ಕೆಯಲ್ಲಿ ಮಾನ್ಯತೆ ಇದೆಯೇ ಎಂಬುದನ್ನು ಯೋಜನಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸತಕ್ಕದ್ದು.

6. ಕೇಂದ್ರ ಭೇಟಿ ಹೇಗಿರಬೇಕು

25 ಕೇಂದ್ರಗಳ ಹೊಣೆಯಿರುವ ಮೇಲ್ವಿಚಾರಕಿಯು ಪ್ರತಿ ಕೇಂದ್ರಕ್ಕೆ ತಿಂಗಳಿಗೊಮ್ಮೆ ಭೇಟಿ ನೀಡಿದರೂ, ಒಂದು ಮಗು ಅಂಗನವಾಡಿಯಲ್ಲಿ ಕಳೆಯುವ ಮೂರು ವರ್ಷಗಳಲ್ಲಿ ನಡೆಯುವುದು 36 ಭೇಟಿಗಳು ಮಾತ್ರ. ಪ್ರತಿ ಭೇಟಿಯೂ ಅಮೂಲ್ಯ. ಉತ್ತಮ ಭೇಟಿಯೊಂದರಲ್ಲಿ ಈ ಕೆಳಕಂಡ ಕ್ರಮ ಕಂಡುಬರುತ್ತದೆ:

1) ಮಕ್ಕಳು ಕಲಿಯುವ ವೇಳೆಗೇ ಬರುವುದು. ಮಕ್ಕಳು ಮನೆಗೆ ಹೋದ ನಂತರದ ಭೇಟಿಯಲ್ಲಿ ವಹಿಯನ್ನು ನೋಡಬಹುದೇ ಹೊರತು ಕಲಿಕೆಯನ್ನಲ್ಲ.
2) ಮೊದಲ ಅರ್ಧ ಗಂಟೆ ಮಾತನಾಡದೆ, ಮಕ್ಕಳ ಸಾಲಿನಲ್ಲಿ ನೆಲದ ಮೇಲೆ ಕುಳಿತು ನೋಡುವುದು. ಯಾವ ಮಗು ಒಂದು ಮಾತನ್ನೂ ಆಡಲಿಲ್ಲ ಎಂಬುದನ್ನು ಗುರುತು ಹಾಕಿಕೊಳ್ಳುವುದು.
3) ಒಂದು ಕಥೆ, ಹಾಡು ಅಥವಾ ಎಣಿಕೆಯ ಆಟವನ್ನು ತಾವೇ ನಡೆಸಿ ತೋರಿಸುವುದು.
4) ಮಕ್ಕಳು ಹಾಗೂ ಪೋಷಕರ ಎದುರಿನಲ್ಲಿ ಕಾರ್ಯಕರ್ತೆಯ ತಪ್ಪನ್ನು ಎತ್ತಿ ಆಡದೆ, ಅನಂತರ ಪ್ರತ್ಯೇಕವಾಗಿ ಚರ್ಚಿಸುವುದು. ಊರಿನವರ ಎದುರು ಗೌರವ ಕಳೆದುಕೊಂಡ ಕಾರ್ಯಕರ್ತೆಯ ಮಾತನ್ನು ಮರುದಿನ ಯಾವ ತಾಯಿಯೂ ಕೇಳುವುದಿಲ್ಲ.
5) ಒಂದು ಅಥವಾ ಎರಡು ಸಲಹೆಗಳನ್ನು ಮಾತ್ರ ಬರೆದುಕೊಟ್ಟು, ಮುಂದಿನ ಭೇಟಿಯಲ್ಲಿ ಅವುಗಳನ್ನೇ ಮೊದಲು ನೋಡುವುದು.

ಉದಾಹರಣೆಗೆ, ಕಾರ್ಯಕರ್ತೆ ಹಲಗೆಯ ಮೇಲೆ ಒಂದರಿಂದ ಇಪ್ಪತ್ತರವರೆಗೆ ಬರೆದು ಮಕ್ಕಳಿಂದ ಒಕ್ಕೊರಲಿನಲ್ಲಿ ಹೇಳಿಸುತ್ತಿದ್ದಾರೆ ಎಂದುಕೊಳ್ಳೋಣ. ಎಲ್ಲರ ದನಿಯೂ ಕೇಳುತ್ತದೆ. ಮೇಲ್ವಿಚಾರಕಿ ಒಂದು ಮಗುವನ್ನು ಕರೆದು, "ಐದು ಹುಣಸೆ ಬೀಜ ಕೊಡು ಕೂಸೆ" ಎಂದರೆ ಮಗು ಹಿಡಿ ತುಂಬ ಬೀಜ ಕೊಡುತ್ತದೆ. ಅಂಕಿಗಳ ಹೆಸರು ಬಾಯಿಗೆ ಬಂದಿದೆ, ಎಣಿಕೆ ಕೈಗೆ ಬಂದಿಲ್ಲ ಎಂಬುದು ಆಗ ಕಾರ್ಯಕರ್ತೆಗೂ ತಿಳಿಯುತ್ತದೆ. ಯಾರನ್ನೂ ನಿಂದಿಸುವ ಅಗತ್ಯ ಬೀಳುವುದಿಲ್ಲ. ಮರುದಿನದಿಂದ ಹುಣಸೆ ಬೀಜಗಳು ಹಲಗೆಯ ಸ್ಥಾನ ಪಡೆಯುತ್ತವೆ.

7. ಈ ಭಾಗದ ವಿಶೇಷ ಅಂಶಗಳು

7.1 ಮನೆಮಾತು: ದೂಧಗಂಗಾ ನದಿಯ ದಂಡೆಯಲ್ಲಿರುವ ಸದಲಗಾ ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಕನ್ನಡ ಮತ್ತು ಮರಾಠಿ ಎರಡೂ ಮನೆಮಾತುಗಳು. ಒಂದೇ ಓಣಿಯ ಒಂದು ಮಗು 'ಕಬ್ಬು' ಎಂದರೆ, ಪಕ್ಕದ ಮನೆಯ ಮಗು 'ಊಸ' ಎನ್ನುತ್ತದೆ. ಒಂದು ಮಗು 'ನೀರು' ಕೇಳಿದರೆ ಇನ್ನೊಂದು 'ಪಾಣಿ' ಕೇಳುತ್ತದೆ. ಮರಾಠಿ ಮನೆಮಾತಿನ ಮಗು ಕೇಂದ್ರದಲ್ಲಿ ಮೌನವಾಗಿದ್ದರೆ ಅದನ್ನು ದಡ್ಡತನವೆಂದು ಭಾವಿಸಬಾರದು. ಮೊದಲು ಮಗುವಿನ ಮಾತನ್ನು ಒಪ್ಪಿಕೊಂಡು, ಅದೇ ವಸ್ತುವನ್ನು ಕೈಯಲ್ಲಿಟ್ಟು ಕನ್ನಡದ ಪದವನ್ನೂ ಹೇಳಿಕೊಟ್ಟರೆ ಕೆಲವೇ ತಿಂಗಳುಗಳಲ್ಲಿ ಮಗು ಎರಡೂ ಭಾಷೆಗಳಲ್ಲಿ ಮಾತನಾಡತೊಡಗುತ್ತದೆ. 'ಊಸ' ಎಂದ ಮಗುವನ್ನು ತಿದ್ದಿ ಕೂರಿಸಿದರೆ ಎರಡನೆಯ ಪದವೂ ಬರುವುದಿಲ್ಲ, ಮೊದಲನೆಯದೂ ಅಡಗುತ್ತದೆ. ವೃತ್ತ ಸಭೆಗಳಲ್ಲಿ ಎರಡೂ ಭಾಷೆಗಳ ಹಾಡು, ಒಗಟು ಮತ್ತು ಮನೆಬಳಕೆಯ ಪದಗಳ ಪಟ್ಟಿಯನ್ನು ಕಾರ್ಯಕರ್ತೆಯರೇ ಸಿದ್ಧಪಡಿಸಿಕೊಳ್ಳುವುದು ಉಪಯುಕ್ತ.

7.2 ಕಬ್ಬು ಕಟಾವಿನ ಕುಟುಂಬಗಳು: ಚಿಕ್ಕೋಡಿ, ರಾಯಬಾಗ, ಅಥಣಿ ಮತ್ತು ಕಾಗವಾಡ ಭಾಗಗಳು ಕಬ್ಬು ಬೆಳೆಯುವ ಪ್ರದೇಶಗಳು. ಹಂಗಾಮಿನಲ್ಲಿ ಕಟಾವಿಗಾಗಿ ಹೊರಜಿಲ್ಲೆಗಳಿಂದ ಹಾಗೂ ಮಹಾರಾಷ್ಟ್ರದಿಂದ ಕುಟುಂಬಗಳು ಬಂದು ಗುಡಿಸಲುಗಳಲ್ಲಿ ತಂಗುತ್ತವೆ. ಅವರೊಡನೆ ಬಂದ ಆರು ವರ್ಷದೊಳಗಿನ ಮಕ್ಕಳಿಗೂ ಸಮೀಪದ ಅಂಗನವಾಡಿಯ ಸೇವೆಗೆ ಅವಕಾಶವಿದೆ. 2021ರಿಂದ ಬಳಕೆಯಲ್ಲಿರುವ ಪೋಷಣ್ ಟ್ರ್ಯಾಕರ್ ತಂತ್ರಾಂಶದಲ್ಲಿ ಒಂದು ಕೇಂದ್ರದ ಫಲಾನುಭವಿಯನ್ನು ಮತ್ತೊಂದು ಕೇಂದ್ರಕ್ಕೆ ವರ್ಗಾಯಿಸುವ ಸೌಲಭ್ಯವಿದೆ. ಇಂತಹ ಮಕ್ಕಳು ಕೆಲವು ತಿಂಗಳು ಮಾತ್ರ ಇರುವುದರಿಂದ ಅವರನ್ನು ಮೂಲೆಯಲ್ಲಿ ಕೂರಿಸಿ ಆಹಾರ ಮಾತ್ರ ನೀಡದೆ, ಚಟುವಟಿಕೆಯಲ್ಲಿ ಸೇರಿಸಿಕೊಳ್ಳುವಂತೆ ನೋಡಿಕೊಳ್ಳುವುದು ಮೇಲ್ವಿಚಾರಕಿಯ ಹೊಣೆ.

7.3 ಬೀಡಿ ಮತ್ತು ತಂಬಾಕು ಕೆಲಸ: ನಿಪ್ಪಾಣಿ ಭಾಗದಲ್ಲಿ ಮನೆಯಲ್ಲಿಯೇ ಬೀಡಿ ಕಟ್ಟುವ ತಾಯಂದಿರು ಬಹಳ ಮಂದಿ ಇದ್ದಾರೆ. ತಾಯಂದಿರ ಸಭೆಯನ್ನು ಅವರ ಕೆಲಸದ ವೇಳೆಗೆ ಹೊಂದಿಸಿ ಕರೆಯದಿದ್ದಲ್ಲಿ ಹಾಜರಾತಿ ಇರುವುದಿಲ್ಲ. ಮಗು ತಂಬಾಕಿನ ದೂಳಿನಿಂದ ದೂರ ಕಳೆಯುವ ಪ್ರತಿ ಗಂಟೆಯೂ ಅದರ ಆರೋಗ್ಯಕ್ಕೆ ಲಾಭವೇ ಎಂಬುದನ್ನು ಪೋಷಕರಿಗೆ ಮನವರಿಕೆ ಮಾಡಿಕೊಡುವುದು ಅಗತ್ಯ.

7.4 ಪ್ರವಾಹ: 2005, 2019 ಮತ್ತು 2021ರಲ್ಲಿ ಕೃಷ್ಣಾ ಹಾಗೂ ಅದರ ಉಪನದಿಗಳ ಪ್ರವಾಹದಿಂದ ಈ ಭಾಗದ ನದಿತೀರದ ಗ್ರಾಮಗಳು ತೊಂದರೆಗೊಳಗಾದವು. ಮಳೆಗಾಲಕ್ಕೆ ಮೊದಲೇ ವಹಿಗಳನ್ನು ಹಾಗೂ ಕಲಿಕಾ ಸಾಮಗ್ರಿಗಳನ್ನು ಎತ್ತರದ ಸ್ಥಳಕ್ಕೆ ಸಾಗಿಸುವುದು, ಪರಿಹಾರ ಕೇಂದ್ರದಲ್ಲಿ ಮಕ್ಕಳಿಗಾಗಿ ಒಂದು ಮೂಲೆಯನ್ನು ಕಾಯ್ದಿರಿಸಿ ಆಟ-ಕಥೆ ಮುಂದುವರಿಸುವುದು ಮುಂಜಾಗ್ರತೆಯ ಭಾಗವಾಗಿರಬೇಕು. ಮನೆ ಬಿಟ್ಟು ಬಂದ ಮಗುವಿಗೆ ಪರಿಚಿತ ಅಕ್ಕೋರ ದನಿ ದೊಡ್ಡ ಆಸರೆ.

8. ಕಾರ್ಯಕರ್ತೆ ಮತ್ತು ಮೇಲ್ವಿಚಾರಕಿ ಸ್ಥಾನಗಳಿಗೆ ಅರ್ಜಿ

8.1 ಅಂಗನವಾಡಿ ಕಾರ್ಯಕರ್ತೆ ಹಾಗೂ ಸಹಾಯಕಿ ಗೌರವಸೇವೆಯ ಸ್ಥಾನಗಳಾಗಿದ್ದು, ಮಹಿಳೆಯರಿಂದ ಮಾತ್ರ ಅರ್ಜಿಗಳನ್ನು ಆನ್‌ಲೈನ್ ಮೂಲಕ ಆಹ್ವಾನಿಸಲಾಗುತ್ತದೆ. ಕಾರ್ಯಕರ್ತೆಗೆ ದ್ವಿತೀಯ ಪಿಯುಸಿ ಹಾಗೂ ಸಹಾಯಕಿಗೆ ಎಸ್ಸೆಸ್ಸೆಲ್ಸಿ ತೇರ್ಗಡೆ ವಿದ್ಯಾರ್ಹತೆಯಾಗಿರುತ್ತದೆ. ಅಭ್ಯರ್ಥಿಯು ಸ್ಥಳೀಯ ನಿವಾಸಿಯಾಗಿರಬೇಕು. ವಯೋಮಿತಿ, ಮೀಸಲಾತಿ, ಭಾಷೆ ಹಾಗೂ ಹೆಚ್ಚುವರಿ ಅಂಕಗಳ ವಿವರಗಳನ್ನು ಆಯಾ ಅಧಿಸೂಚನೆಯಲ್ಲಿಯೇ ಓದಿಕೊಳ್ಳತಕ್ಕದ್ದು.

8.2 ಸಾಮಾನ್ಯವಾಗಿ ಬೇಕಾಗುವ ದಾಖಲೆಗಳು: ಜನ್ಮ ದಿನಾಂಕಕ್ಕಾಗಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯುಸಿ ಅಂಕಪಟ್ಟಿ, ವಾಸಸ್ಥಳ ದೃಢೀಕರಣ, ಅನ್ವಯಿಸಿದಲ್ಲಿ ಜಾತಿ ಪ್ರಮಾಣಪತ್ರ, ವಿಧವೆ ಅಥವಾ ಅಂಗವಿಕಲ ಅಭ್ಯರ್ಥಿಗಳಾಗಿದ್ದಲ್ಲಿ ಸಂಬಂಧಪಟ್ಟ ದಾಖಲೆ. ಮಹಾರಾಷ್ಟ್ರದ ಮಂಡಳಿಯಲ್ಲಿ ಓದಿದವರು ಹಾಗೂ ಮದುವೆಯಾಗಿ ಮಹಾರಾಷ್ಟ್ರದಿಂದ ಬಂದವರು ವಾಸಸ್ಥಳ, ಜಾತಿ ಮತ್ತು ಭಾಷೆಯ ಷರತ್ತುಗಳ ಬಗ್ಗೆ ಅರ್ಜಿ ಸಲ್ಲಿಸುವ ಮೊದಲೇ ಯೋಜನಾಧಿಕಾರಿಗಳ ಕಚೇರಿಯಲ್ಲಿ ಸ್ಪಷ್ಟಪಡಿಸಿಕೊಳ್ಳುವುದು ಒಳಿತು. ಕೊನೆಯ ದಿನ ಪ್ರಮಾಣಪತ್ರಕ್ಕಾಗಿ ನಾಡಕಚೇರಿಗೆ ಅಲೆದು ಅವಕಾಶ ಕಳೆದುಕೊಳ್ಳಬಾರದು.

8.3 ತಾತ್ಕಾಲಿಕ ಆಯ್ಕೆ ಪಟ್ಟಿ ಪ್ರಕಟವಾದ ನಂತರ ಆಕ್ಷೇಪಣೆ ಸಲ್ಲಿಸಲು ಕಾಲಾವಕಾಶ ನೀಡಲಾಗುತ್ತದೆ. ಆಕ್ಷೇಪಣೆಯು ಲಿಖಿತವಾಗಿರಬೇಕು ಹಾಗೂ ದಾಖಲೆಗಳಿಂದ ಕೂಡಿರಬೇಕು. ಆಯ್ಕೆಗಾಗಿ ಯಾರಿಗೂ ಹಣ ನೀಡಬಾರದು. ಅಂತಹ ಬೇಡಿಕೆ ಬಂದಲ್ಲಿ ಲೋಕಾಯುಕ್ತಕ್ಕೆ ದೂರು ನೀಡಬಹುದು.

8.4 ಕೇಂದ್ರ ಸರ್ಕಾರವು 2022ರಲ್ಲಿ ಹೊರಡಿಸಿದ ಸಕ್ಷಮ ಅಂಗನವಾಡಿ ಮತ್ತು ಪೋಷಣ್ 2.0 ಮಾರ್ಗಸೂಚಿಯ ಪ್ರಕಾರ, ಇತರೆ ಅರ್ಹತೆಗಳಿಗೆ ಒಳಪಟ್ಟು, ಶೇ. 50ರಷ್ಟು ಕಾರ್ಯಕರ್ತೆ ಸ್ಥಾನಗಳನ್ನು ಐದು ವರ್ಷ ಅನುಭವವುಳ್ಳ ಸಹಾಯಕಿಯರಿಂದ ಹಾಗೂ ಶೇ. 50ರಷ್ಟು ಮೇಲ್ವಿಚಾರಕಿ ಹುದ್ದೆಗಳನ್ನು ಐದು ವರ್ಷ ಅನುಭವವುಳ್ಳ ಕಾರ್ಯಕರ್ತೆಯರಿಂದ ತುಂಬಲು ಸೂಚಿಸಲಾಗಿದೆ. ರಾಜ್ಯದಲ್ಲಿ ಮೇಲ್ವಿಚಾರಕಿ ಹುದ್ದೆಗಳ ಭರ್ತಿಯು ರಾಜ್ಯದ ವೃಂದ ಮತ್ತು ನೇಮಕಾತಿ ನಿಯಮಗಳಿಗೆ ಒಳಪಟ್ಟಿರುತ್ತದೆ. ಮಕ್ಕಳ ಮಧ್ಯೆ ವರ್ಷಗಟ್ಟಲೆ ಕೆಲಸ ಮಾಡಿದ ಕಾರ್ಯಕರ್ತೆ ಮೇಲ್ವಿಚಾರಕಿಯಾದಲ್ಲಿ, ಏನು ಸಾಧ್ಯ ಮತ್ತು ಏನು ಸಾಧ್ಯವಲ್ಲ ಎಂಬ ತಿಳಿವಳಿಕೆ ಅವರಿಗೆ ಮೊದಲೇ ಇರುತ್ತದೆ. ಆದ್ದರಿಂದ ಪದವಿ ಪಡೆಯಲು ಅವಕಾಶವುಳ್ಳ ಕಾರ್ಯಕರ್ತೆಯರು ವಿದ್ಯಾಭ್ಯಾಸ ಮುಂದುವರಿಸುವುದು ಸೂಕ್ತ.

9. ಪೋಷಕರು ಗಮನಿಸಬೇಕಾದ ಅಂಶಗಳು

ಮಗುವನ್ನು ಕರೆತರಲು ಹೋದಾಗ ಈ ಕೆಳಕಂಡವುಗಳನ್ನು ಪೋಷಕರು ನೋಡಬಹುದು:

ಅ) ಮಕ್ಕಳು ಮಾಡಿದ ಚಿತ್ರ, ಕರಕುಶಲ ವಸ್ತುಗಳು ಮಕ್ಕಳ ಕಣ್ಣಿನ ಎತ್ತರದಲ್ಲಿ ಇವೆಯೇ?
ಆ) ಆಟಿಕೆಗಳು ಮಕ್ಕಳ ಕೈಗೆ ಸಿಗುತ್ತಿವೆಯೇ, ಅಥವಾ ಹಾಳಾಗುತ್ತವೆಂದು ಕಪಾಟಿನಲ್ಲಿ ಬೀಗ ಹಾಕಿ ಇಡಲಾಗಿದೆಯೇ?
ಇ) ಮಗು ಮನೆಗೆ ಬಂದು ಕಥೆ ಅಥವಾ ಹಾಡು ಹೇಳುತ್ತಿದೆಯೇ?
ಈ) ವಾರದ ಚಟುವಟಿಕೆ ಏನೆಂದು ಕೇಳಿದರೆ ಕಾರ್ಯಕರ್ತೆ ಹೇಳಬಲ್ಲರೇ?
ಉ) ಮೇಲ್ವಿಚಾರಕಿಯ ಹಿಂದಿನ ಭೇಟಿಯ ಸಲಹೆ ಬಾಲವಿಕಾಸ ಸಮಿತಿಗೆ ತಿಳಿದಿದೆಯೇ?

ತಿಂಗಳಿಗೊಮ್ಮೆ ನಡೆಸಲಾಗುವ ಶಾಲಾಪೂರ್ವ ಶಿಕ್ಷಣ ದಿನದಂದು ಪೋಷಕರು ತಪ್ಪದೆ ಹಾಜರಾಗಬೇಕು. ಮೂರು ವರ್ಷದ ಮಗುವಿನಿಂದ ಅಕ್ಷರ ತಿದ್ದಿಸಬೇಕೆಂದು ಒತ್ತಾಯಿಸಬಾರದು. ಬರೆಯುವುದಕ್ಕೆ ಮೊದಲು ಬೆರಳುಗಳು ಗಟ್ಟಿಯಾಗಬೇಕು. ಓದುವುದಕ್ಕೆ ಮೊದಲು ಮಾತು ಬೆಳೆಯಬೇಕು. ಆಟವನ್ನು ಕಂಡು ಇಲ್ಲಿ ಪಾಠವೇ ಇಲ್ಲವೆಂದು ಮಗುವನ್ನು ಬಿಡಿಸುವ ಪೋಷಕರು ಇರುವುದರಿಂದಲೇ ಕೆಲವು ಕಾರ್ಯಕರ್ತೆಯರು ತರಬೇತಿಯಲ್ಲಿ ಕಲಿತದ್ದನ್ನು ಬಿಟ್ಟು ಹಲಗೆ-ಬಳಪಕ್ಕೆ ಮರಳುತ್ತಾರೆ.

10. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಬಿಪಿಎಲ್ ಪಡಿತರ ಚೀಟಿ ಇಲ್ಲದಿದ್ದಲ್ಲಿ ಮಗುವನ್ನು ಸೇರಿಸಿಕೊಳ್ಳುತ್ತಾರೆಯೇ?
ಉತ್ತರ: ಸೇರಿಸಿಕೊಳ್ಳಲಾಗುತ್ತದೆ. ಈ ಯೋಜನೆಯ ಸೇವೆಗಳಿಗೆ ಬಡತನ ರೇಖೆಯನ್ನು ಅರ್ಹತೆಯ ಮಾನದಂಡವಾಗಿ ಬಳಸಬಾರದೆಂದು ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಆದೇಶಿಸಿದೆ. ಸೇರ್ಪಡೆಗೆ ಯಾವುದೇ ಶುಲ್ಕವಿರುವುದಿಲ್ಲ.

ಪ್ರಶ್ನೆ: ಮಗುವಿಗೆ ಆಧಾರ್ ಇಲ್ಲ. ಏನು ಮಾಡಬೇಕು?
ಉತ್ತರ: ಮಗುವಿನ ಆಧಾರ್ ಕಡ್ಡಾಯವಲ್ಲ. ತಾಯಿಯ ಆಧಾರ್ ಮೂಲಕ ನೋಂದಣಿ ಮಾಡಿಸಬಹುದು.

ಪ್ರಶ್ನೆ: ನಮ್ಮ ತೋಟದ ವಸತಿಯಲ್ಲಿ ಅಂಗನವಾಡಿಯೇ ಇಲ್ಲ. ಕೇಳುವ ಹಕ್ಕಿದೆಯೇ?
ಉತ್ತರ: ಇದೆ. ಆರು ವರ್ಷದೊಳಗಿನ ಕನಿಷ್ಠ 40 ಮಕ್ಕಳಿದ್ದು ಕೇಂದ್ರವಿಲ್ಲದ ಗ್ರಾಮೀಣ ವಸತಿ ಅಥವಾ ಕೊಳೆಗೇರಿಯ ನಿವಾಸಿಗಳು ಬೇಡಿಕೆ ಸಲ್ಲಿಸಿದ ಮೂರು ತಿಂಗಳೊಳಗೆ ಅಂಗನವಾಡಿ ಪಡೆಯಲು ಅರ್ಹರೆಂದು ಸರ್ವೋಚ್ಚ ನ್ಯಾಯಾಲಯವು 2006ರ ಡಿಸೆಂಬರ್‌ನಲ್ಲಿ ಆದೇಶಿಸಿದೆ. ಮಕ್ಕಳ ಹೆಸರು, ವಯಸ್ಸು ಮತ್ತು ಪೋಷಕರ ಸಹಿಯುಳ್ಳ ಪಟ್ಟಿಯೊಂದಿಗೆ ಯೋಜನಾಧಿಕಾರಿಗಳಿಗೆ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯಿರಿ.

ಪ್ರಶ್ನೆ: ಕೇಂದ್ರದಲ್ಲಿ ಆಹಾರ ನೀಡುತ್ತಾರೆ, ಆದರೆ ಏನನ್ನೂ ಕಲಿಸುವುದಿಲ್ಲ. ಯಾರಿಗೆ ಹೇಳಬೇಕು?
ಉತ್ತರ: ಮೊದಲು ಕಾರ್ಯಕರ್ತೆಯೊಡನೆ ಮಾತನಾಡಿ, ಬಾಲವಿಕಾಸ ಸಮಿತಿಯ ಸಭೆಯಲ್ಲಿ ವಿಷಯ ಪ್ರಸ್ತಾಪಿಸಿ. ನಂತರ ವೃತ್ತದ ಮೇಲ್ವಿಚಾರಕಿಗೆ, ಅಲ್ಲಿಂದಲೂ ಪರಿಹಾರ ದೊರೆಯದಿದ್ದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸಿ. ರಾಜ್ಯ ಸರ್ಕಾರದ ಜನಸ್ಪಂದನ ಸಹಾಯವಾಣಿ 1902ಕ್ಕೂ ಕರೆ ಮಾಡಬಹುದು. "ಕಲಿಸುವುದಿಲ್ಲ" ಎಂದಷ್ಟೇ ಬರೆಯದೆ, ಯಾವ ದಿನ ಯಾವ ವೇಳೆಯಲ್ಲಿ ಏನು ಕಂಡಿತೆಂದು ಬರೆದಲ್ಲಿ ಕ್ರಮಕ್ಕೆ ಅನುಕೂಲವಾಗುತ್ತದೆ.

ಪ್ರಶ್ನೆ: ಮೇಲ್ವಿಚಾರಕಿಯ ಭೇಟಿಯ ವಿವರ ನಾಗರಿಕರಿಗೆ ಸಿಗುತ್ತದೆಯೇ?
ಉತ್ತರ: ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಸಂಬಂಧಪಟ್ಟ ಸಾರ್ವಜನಿಕ ಮಾಹಿತಿ ಅಧಿಕಾರಿಗಳಿಗೆ ಅರ್ಜಿ ಸಲ್ಲಿಸಬಹುದು. ಮಕ್ಕಳ ವೈಯಕ್ತಿಕ ವಿವರಗಳನ್ನು ಕೋರಬಾರದು.

ಪ್ರಶ್ನೆ: ಮಗುವಿಗೆ ಹೊಡೆದರೆ ಅಥವಾ ಮಗು ಅಪಾಯದಲ್ಲಿದ್ದರೆ?
ಉತ್ತರ: ಮಕ್ಕಳ ಸಹಾಯವಾಣಿ 1098 ಅಥವಾ ತುರ್ತು ಸೇವೆ 112ಕ್ಕೆ ತಕ್ಷಣ ಕರೆ ಮಾಡಿ.

ಪ್ರಶ್ನೆ: ಖಾಸಗಿ ಎಲ್‌ಕೆಜಿ, ಯುಕೆಜಿಗಳಿಗಿಂತ ಅಂಗನವಾಡಿ ಕಡಿಮೆಯೇ?
ಉತ್ತರ: ಹೆಸರಿನಿಂದ ಗುಣಮಟ್ಟ ನಿರ್ಧಾರವಾಗುವುದಿಲ್ಲ. ಮೇಲೆ 9ನೇ ಕಂಡಿಕೆಯಲ್ಲಿ ಹೇಳಿದ ಅಂಶಗಳನ್ನು ಎರಡೂ ಕಡೆ ನೋಡಿ ಪೋಷಕರು ತೀರ್ಮಾನಿಸಬಹುದು. ರಾಜ್ಯದಲ್ಲಿ 2024ರಲ್ಲಿ ಬೆಂಗಳೂರಿನ 250 ಅಂಗನವಾಡಿಗಳಲ್ಲಿ ಸರ್ಕಾರಿ ಮಾಂಟೆಸ್ಸರಿ ತರಗತಿಗಳನ್ನು ಆರಂಭಿಸಲಾಯಿತು. ಯಾವ ಹೆಸರಿನ ತರಗತಿಯೇ ಆಗಲಿ, ಕಲಿಸುವವರಿಗೆ ನಿರಂತರ ಮಾರ್ಗದರ್ಶನವಿಲ್ಲದಿದ್ದಲ್ಲಿ ಫಲ ದೊರೆಯುವುದಿಲ್ಲ.

11. ಕೊನೆಯ ಮಾತು

ಈ ಭಾಗದ ಓಣಿಗಳಲ್ಲಿ ಮಕ್ಕಳು ಅಂಗನವಾಡಿ ಕಾರ್ಯಕರ್ತೆಯನ್ನು ಅಕ್ಕೋರು ಎಂದೇ ಕರೆಯುತ್ತಾರೆ. ಅಂದರೆ ಮಕ್ಕಳ ದೃಷ್ಟಿಯಲ್ಲಿ ಅವರು ಆಗಲೇ ಶಿಕ್ಷಕಿ. ಅವರನ್ನು ಹಾಗೆಯೇ ಕಾಣುವ, ಕಲಿಸುವ ಕೆಲಸದಲ್ಲಿ ಅವರಿಗೆ ಜೊತೆಯಾಗುವ ಮೇಲ್ವಿಚಾರಕಿಯರನ್ನು ಸಿದ್ಧಪಡಿಸುವುದು ಇಲಾಖೆಯ ಹೊಣೆ. ಕೇಂದ್ರಕ್ಕೆ ಹೋಗಿ ನೋಡುವುದು, ವಿಚಾರಿಸುವುದು ಹಾಗೂ ಒಳ್ಳೆಯ ಕೆಲಸ ಕಂಡಾಗ ಅದನ್ನು ಬಾಲವಿಕಾಸ ಸಮಿತಿಯಲ್ಲಿ ಹೇಳುವುದು ನಾಗರಿಕರ ಪಾಲು. ದೂರುಗಳಂತೆಯೇ ಮೆಚ್ಚುಗೆಯನ್ನೂ ಲಿಖಿತವಾಗಿ ನೀಡಬಹುದು; ಅದನ್ನು ಸಹ ಕಡತದಲ್ಲಿ ಇರಿಸಲಾಗುತ್ತದೆ.

ಹೆಚ್ಚಿನ ಮಾಹಿತಿಗಾಗಿ ತಮ್ಮ ಸಮೀಪದ ಅಂಗನವಾಡಿ ಕೇಂದ್ರ, ವೃತ್ತದ ಮೇಲ್ವಿಚಾರಕಿ ಅಥವಾ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಲು ಕೋರಲಾಗಿದೆ.